ಕಾಯಿಲೆಯೊಡನೆ ಕಾಲೇಜು: ತೆಂಗಿನ ಸೀಮೆಯ ಒಂದು ಚರಿತ್ರೆ

ವಾಸಿಯಾಗಲು ವರ್ಷಗಟ್ಟಲೆ ಹಿಡಿಯುವ ಕಾಯಿಲೆಯನ್ನು ಮೈಯಲ್ಲಿಟ್ಟುಕೊಂಡು ಕಾಲೇಜು ಓದುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಪ್ಪತ್ತನೇ ಶತಮಾನದ ನಡುವಿನವರೆಗೂ ಹೆಚ್ಚುಕಡಿಮೆ ಆಗದ ಮಾತಾಗಿತ್ತು. ಆ ಕಾಲದಲ್ಲಿ ಓದುವ ವಯಸ್ಸಿನವರನ್ನು ಹಿಡಿಯುತ್ತಿದ್ದ ದೊಡ್ಡ ಕಾಯಿಲೆ ಕ್ಷಯ. ಅದು ಬಂದವನು ಓದು ಬಿಡುತ್ತಿದ್ದ. ರೋಗದ ಉಗ್ರತೆ ಇದಕ್ಕೆ ಒಂದು ಕಾರಣ ಮಾತ್ರ. ಕಾಲೇಜು ಒಂದೂರಲ್ಲಿ, ಚಿಕಿತ್ಸೆ ಇನ್ನೊಂದೂರಲ್ಲಿ, ಆರೈಕೆ ಮಾಡುವ ಮನೆ ಮತ್ತೊಂದೂರಲ್ಲಿ ಇದ್ದದ್ದು ಅದಕ್ಕಿಂತ ದೊಡ್ಡ ಕಾರಣ. ಈ ಮೂರೂ ಒಂದಕ್ಕೊಂದು ಹತ್ತಿರವಾದಂತೆಲ್ಲ ರೋಗಿಯೂ ವಿದ್ಯಾರ್ಥಿಯಾಗಿ ಉಳಿಯುವುದು ಸಾಧ್ಯವಾಯಿತು. ಆ ಬದಲಾವಣೆಯ ಒಂದು ಮುಖ್ಯ ಘಟ್ಟ ನಡೆದದ್ದು ಇದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಜಿಲ್ಲೆಯವರಿಗೇ ಇದು ಅಷ್ಟಾಗಿ ತಿಳಿಯದಿರುವುದು ಬೇಸರದ ಸಂಗತಿ.

ಮೊದಲು ಕಾಲೇಜಿನ ದೂರದ ಮಾತು. ತುರುವೇಕೆರೆ ತಾಲ್ಲೂಕಿನ ಸಂಪಿಗೆ ಹಳೆಯ ಊರು. ಕವಿ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ಈ ಊರಿನಲ್ಲಿ, 1884ರ ಜನವರಿ 3ರಂದು. ಅದೇ ವರ್ಷ ಬೆಂಗಳೂರಿನ ಕಡೆಯಿಂದ ರೈಲು ತುಮಕೂರು ದಾಟಿ ಗುಬ್ಬಿಗೆ ಬಂತು. 1889ರ ಹೊತ್ತಿಗೆ ಹಳಿ ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರ ಮುಟ್ಟಿತು. ಊರಿನ ಹೆಸರು ಹೊತ್ತ ಸಂಪಿಗೆ ರೋಡ್ ನಿಲ್ದಾಣ ಇದೇ ದಾರಿಯಲ್ಲಿ ನಿಟ್ಟೂರಿಗೂ ಅಮ್ಮಸಂದ್ರಕ್ಕೂ ನಡುವೆ ಇದೆ. ಸೀಮೆಯ ಹುಡುಗರು ಹೊರಗೆ ಹೋಗಿ ಓದುವುದಕ್ಕೆ ದಾರಿಯಾದದ್ದು ಈ ರೈಲು. ಆದರೆ ಹೋಗಬೇಕಾದ ದೂರವೇನೂ ಕಡಿಮೆಯಿರಲಿಲ್ಲ. ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 1916ರಲ್ಲಿ. ಅದಕ್ಕೆ ಮುಂಚೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾನಿಲಯ. ಶ್ರೀಕಂಠಯ್ಯನವರೂ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮುಂದಿನ ಓದಿಗೆ ಮದರಾಸಿಗೆ ಹೋಗಬೇಕಾಯಿತು. 1916ರ ನಂತರವೂ ಸಂಪಿಗೆಯ ಹುಡುಗನಿಗೆ ಪದವಿ ಕಾಲೇಜು ಎಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇಲ್ಲವೇ ಮೈಸೂರಿನ ಮಹಾರಾಜ ಕಾಲೇಜು.

ಹಾಗೆ ಹೋದವರ ವಾಸ ಹೇಗಿತ್ತು ಎಂಬುದು ಇಲ್ಲಿ ಮುಖ್ಯ. ಅನುಕೂಲವಿದ್ದವರು ನೆಂಟರ ಮನೆಯಲ್ಲಿ ಇರುತ್ತಿದ್ದರು. ಮತ್ತೆ ಕೆಲವರು ಜಾತಿ ಸಮುದಾಯಗಳು ನಡೆಸುತ್ತಿದ್ದ ಉಚಿತ ವಿದ್ಯಾರ್ಥಿನಿಲಯಗಳಲ್ಲಿ, ಮಠಗಳಲ್ಲಿ ಸೇರಿಕೊಳ್ಳುತ್ತಿದ್ದರು. ಬ್ರಾಹ್ಮಣ ಮನೆತನಗಳ ಬಡ ಹುಡುಗರಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಯಾವುದಾದರೂ ವಾರ ತಪ್ಪಿದರೆ ಆ ದಿನ ಉಪವಾಸ, ಇಲ್ಲವೇ ಬರೀ ಒಂದು ಹೊತ್ತಿನ ತಿಂಡಿ. ನಾಲ್ಕೈದು ಜನ ಸೇರಿ ಹಿಡಿದ ಬಾಡಿಗೆ ಕೋಣೆಗೆ ಒಂದೇ ಕಿಟಕಿ ಇರುತ್ತಿತ್ತು, ಅದನ್ನೂ ಚಳಿಗೆ ಮುಚ್ಚುತ್ತಿದ್ದರು. ಕ್ಷಯ ಹರಡುವುದು ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುಗಳಿಂದ. ಬೆಳಕು, ಗಾಳಿ ಆಡದ ಕೋಣೆಯಲ್ಲಿ ಅವು ಬಹಳ ಹೊತ್ತು ಉಳಿಯುತ್ತವೆ. ಮೈಗೆ ಹೊಕ್ಕ ರೋಗಾಣು ವರ್ಷಗಟ್ಟಲೆ ಸುಮ್ಮನಿದ್ದು, ಊಟ ಸಾಲದೆ ಶಕ್ತಿ ಕುಂದಿದಾಗ ತಲೆ ಎತ್ತುತ್ತದೆ. ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸು ಅದಕ್ಕೆ ಅನುಕೂಲದ ವಯಸ್ಸು, ಅಂದರೆ ಕಾಲೇಜಿನ ವಯಸ್ಸೇ. ಓದಲು ಬಂದ ಹಳ್ಳಿಯ ಹುಡುಗನ ಬದುಕಿನಲ್ಲಿ ರೋಗಕ್ಕೆ ಬೇಕಾದದ್ದೆಲ್ಲ ಕೂಡಿ ಬರುತ್ತಿತ್ತು.

ಸಂಜೆ ಹೊತ್ತಿನ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಬಿಡದ ಕೆಮ್ಮು, ಒಂದು ದಿನ ಕಫದಲ್ಲಿ ರಕ್ತ. ಅಲ್ಲಿಗೆ ಓದು ನಿಲ್ಲುತ್ತಿತ್ತು. ಮುಂದಿನ ದಾರಿ ಊರಿಗೆ ವಾಪಸು, ಅಥವಾ ಸ್ಯಾನಟೋರಿಯಂ. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿರುವ ಪಿ.ಕೆ.ಟಿ.ಬಿ. ಸ್ಯಾನಟೋರಿಯಂ 1921ರಲ್ಲಿ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾಗಿದ್ದರು. ಅವರ ಹೆಸರಿನಲ್ಲೇ ಈ ಆಸ್ಪತ್ರೆ ನಿಂತಿತು. ಅರಮನೆಯನ್ನೂ ಬಿಡದ ರೋಗವದು. ಔಷಧವಿಲ್ಲದ ಆ ದಿನಗಳಲ್ಲಿ ಚಿಕಿತ್ಸೆ ಎಂದರೆ ವಿಶ್ರಾಂತಿ, ತೆರೆದ ಗಾಳಿ, ಹಾಲು, ಮೊಟ್ಟೆ, ಮೀನೆಣ್ಣೆ. ಕೆಲವರಿಗೆ ಎದೆಗೂಡಿನೊಳಗೆ ಸೂಜಿಯಿಂದ ಗಾಳಿ ತುಂಬಿ, ರೋಗ ಹತ್ತಿದ ಶ್ವಾಸಕೋಶವನ್ನು ಕುಗ್ಗಿಸಿ ಅದಕ್ಕೆ ವಿಶ್ರಾಂತಿ ಕೊಡುತ್ತಿದ್ದರು. ಆ ಗಾಳಿ ಇಂಗಿದಂತೆ ಮತ್ತೆ ಮತ್ತೆ ತುಂಬಬೇಕಾಗಿತ್ತು. ಇದು ತಿಂಗಳುಗಳ, ಎಷ್ಟೋ ವೇಳೆ ವರ್ಷಗಳ ಬಾಬತ್ತು. ಹಾಸಿಗೆ ಸಿಗುವುದೂ ಸುಲಭವಿರಲಿಲ್ಲ.

ಇದಕ್ಕೆಲ್ಲ ಹಣ ಬರುತ್ತಿದ್ದದ್ದು ಅಟ್ಟದಿಂದ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಬಿಸಿಲಿಗೆ ಒಣಗಿಸಿ ಮಾಡುವ ಪದಾರ್ಥವಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಎಂಟರಿಂದ ಹನ್ನೆರಡು ತಿಂಗಳು ಹಾಗೇ ಬಿಡಬೇಕು. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಒಳಗೆ ಗಿಟುಕು ಉರುಳುವ ಸದ್ದು ಕೇಳಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಮುರಿಯದಂತೆ ಹೊರತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುವುದು. ಮದುವೆ, ಬಿತ್ತನೆ, ಮಗನ ಕಾಲೇಜು ಫೀಸು ಎಲ್ಲಕ್ಕೂ ಲೆಕ್ಕ ಅಟ್ಟದ ಕಾಯಿಯ ಮೇಲೆಯೇ. ಕಾಯಿಲೆಯಾದರೋ ಕೊಬ್ಬರಿ ಆಗುವವರೆಗೆ ಕಾಯುವುದಿಲ್ಲ. ನೀರು ಇಂಗುವ ಮುನ್ನ ಅಟ್ಟ ಇಳಿಸಿದರೆ ಬರೀ ಕಾಯಿಯ ಬೆಲೆ ಸಿಗುತ್ತದೆ. ಫೀಸಿಗೆಂದು ಏರಿಸಿದ ಕಾಯಿ ಹೀಗೆ ಚಿಕಿತ್ಸೆಗೆಂದು ಕಡಿಮೆ ಬೆಲೆಗೆ ಇಳಿಯುವಾಗ, ಓದು ಮುಂದುವರಿಸುವ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಗುತ್ತಿತ್ತು.

ಹೊರಗಿನ ಪ್ರಪಂಚದಲ್ಲಿ ಈ ಕಷ್ಟಕ್ಕೆ ಇನ್ನೊಂದು ಬಗೆಯ ಪರಿಹಾರ ಹುಡುಕಿದ್ದುಂಟು. ಸ್ವಿಟ್ಜರ್ಲೆಂಡಿನ ಲೇಜ಼ಾಂ ಎಂಬ ಬೆಟ್ಟದೂರಿನಲ್ಲಿ 1922ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗಾಗಿಯೇ ಸ್ಯಾನಟೋರಿಯಂ ತೆರೆದರು. ಫ್ರಾನ್ಸಿನ ಸೇಂತ್ ಇಲೇರ್ ದು ತೂವೆಯಲ್ಲಿ 1933ರಲ್ಲಿ ಅಂಥದ್ದೇ ಇನ್ನೊಂದು ಆರಂಭವಾಯಿತು. ಅಲ್ಲಿ ಗ್ರಂಥಾಲಯವಿತ್ತು, ಉಪನ್ಯಾಸಗಳಿದ್ದವು, ರೋಗಿಗಳು ಪರೀಕ್ಷೆಗೆ ಓದುತ್ತಿದ್ದರು. ಮುಂದೆ ದೊಡ್ಡ ಚಿಂತಕರೆನಿಸಿದ ರೋಲಾಂ ಬಾರ್ಥ್ 1940ರ ದಶಕದಲ್ಲಿ ಅಲ್ಲಿ ರೋಗಿಯಾಗಿದ್ದರು. ಆಸ್ಪತ್ರೆಯೊಳಕ್ಕೆ ಕಾಲೇಜನ್ನೇ ತರುವ ಈ ವಿಧಾನ ಶ್ರೀಮಂತ ದೇಶಗಳಿಗೆ ಸರಿ. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಭಾರತೀಯರಿಗೆ ಆ ಅನುಕೂಲವೂ ಇರಲಿಲ್ಲ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಕೇಂಬ್ರಿಜ್‌ನಲ್ಲಿ 1916ರಲ್ಲಿ ಪದವಿ ಪಡೆದರು, ಮರುವರ್ಷವೇ ಹಾಸಿಗೆ ಹಿಡಿದರು. ವೈದ್ಯರು ಕ್ಷಯವೆಂದೇ ಶುಶ್ರೂಷೆ ಮಾಡಿದರು. ಸ್ಯಾನಟೋರಿಯಂನಿಂದ ಸ್ಯಾನಟೋರಿಯಂಗೆ ಅಲೆದು, 1919ರಲ್ಲಿ ಊರಿಗೆ ಮರಳಿ, 1920ರಲ್ಲಿ ತೀರಿಕೊಂಡರು.

ಭಾರತಕ್ಕೆ ಒದಗಿದ ಪರಿಹಾರ ಇದಕ್ಕೆ ತದ್ವಿರುದ್ಧ: ಚಿಕಿತ್ಸೆಯನ್ನು ಆಸ್ಪತ್ರೆಯಿಂದ ಬಿಡಿಸಿ ಮನೆಗೆ ತರುವುದು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾಯಿತು. 1952ರಲ್ಲಿ ಅಗ್ಗದ ಮಾತ್ರೆಯಾದ ಐಸೋನಿಯಾಜಿಡ್ ಬಳಕೆಗೆ ಬಂತು. ಔಷಧವಿದ್ದರೂ ರೋಗಿ ಆಸ್ಪತ್ರೆಯಲ್ಲೇ ಇರಬೇಕೆಂಬ ನಂಬಿಕೆ ಮಾತ್ರ ಅಲುಗಾಡಲಿಲ್ಲ. ಅದನ್ನು ಅಲುಗಾಡಿಸಿದ್ದು ಮದರಾಸಿನ ಒಂದು ಪ್ರಯೋಗ. 1956ರಲ್ಲಿ ಆರಂಭವಾದ ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ, ಬಡ ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಟೋರಿಯಂನ ಹಾಸಿಗೆ, ಊಟ, ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಇದ್ದು ಅದೇ ಔಷಧ ತೆಗೆದುಕೊಂಡಿತು. ವರ್ಷ ಕಳೆದು ನೋಡಿದರೆ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು. ಮನೆಮಂದಿಗೆ ರೋಗ ಹತ್ತುವ ಅಪಾಯವೂ ಅದರಿಂದ ಹೆಚ್ಚಿರಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಸ್ಯಾನಟೋರಿಯಂ ಯುಗವನ್ನು ಮುಗಿಸಿತು ಎನ್ನಬೇಕು.

ಅದೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಇಡೀ ದೇಶಕ್ಕೆ ಒಪ್ಪುವ ಕಾರ್ಯಕ್ರಮ ರೂಪಿಸುವುದು ಅದರ ಕೆಲಸ. ಕ್ಷಯ ಪಟ್ಟಣದ ರೋಗ ಎಂಬ ಹಳೆಯ ನಂಬಿಕೆಯನ್ನು 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಆಗಲೇ ಸುಳ್ಳು ಮಾಡಿತ್ತು. ಹಾಗಾದರೆ ಹಳ್ಳಿಯ ರೋಗಿಯನ್ನು ಕಂಡುಹಿಡಿಯುವುದು ಹೇಗೆ? ಊರೂರಿಗೂ ಎಕ್ಸ್‌ರೇ ವ್ಯಾನು ಕಳಿಸಬೇಕೇ? ಉತ್ತರ ಹುಡುಕಲು ಸಂಸ್ಥೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. 1960-61ರಲ್ಲಿ ಇಲ್ಲಿ ಕ್ಷಯದ ಸಮೀಕ್ಷೆ ನಡೆಯಿತು. ಆರಿಸಿದ ಹಳ್ಳಿಗಳಲ್ಲಿ ಮನೆಮನೆಯ ಜನರನ್ನು ಪಟ್ಟಿ ಮಾಡಿ, ಚರ್ಮಪರೀಕ್ಷೆ ನಡೆಸಿ, ಎದೆಯ ಎಕ್ಸ್‌ರೇ ತೆಗೆದು, ಸಂದೇಹವಿದ್ದವರ ಕಫ ನೋಡಿದರು.

ಅದರ ಬೆನ್ನಿಗೇ ನಡೆದ ಇನ್ನೊಂದು ಅಧ್ಯಯನ ಹೆಚ್ಚು ಪ್ರಸಿದ್ಧವಾಯಿತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು, ಸಮೀಕ್ಷೆಯಲ್ಲಿ ರೋಗ ಪತ್ತೆಯಾದವರ ಮನೆಗೆ ಜನ ಕಳಿಸಿ ಮಾತಾಡಿಸಿದರು. ಎಕ್ಸ್‌ರೇಯಲ್ಲಿ ಕಂಡದ್ದನ್ನು ಬದಿಗಿಟ್ಟು, ಮೈಗೆ ಏನಾಗುತ್ತಿದೆ, ಅದರಿಂದ ಚಿಂತೆಯಾಗಿದೆಯೇ, ಏನು ಮಾಡಿದಿರಿ ಎಂದು ಕೇಳಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಪಟ್ಟಣದ ವೈದ್ಯರು ಅಂದುಕೊಂಡಿದ್ದರು. ಬಂದ ಉತ್ತರ ಬೇರೆಯೇ. ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೆ ಕಾಯಿಲೆಯಿದೆ ಎಂದು ಗೊತ್ತಿತ್ತು. ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಜನಕ್ಕೆ ಅದರ ಚಿಂತೆ ಹತ್ತಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಅದಕ್ಕಾಗಿ ಏನಾದರೂ ಮಾಡಿದ್ದರು. ಹಾಗೆ ಹೊರಟವರಲ್ಲಿ ಬಹಳಷ್ಟು ಜನ ಹೋಗಿದ್ದದ್ದು ಅಲೋಪಥಿ ಆಸ್ಪತ್ರೆಗೇ. ಆದರೆ ಅಲ್ಲಿ ಅವರ ಕಫ ನೋಡುವವರಿರಲಿಲ್ಲ. ಕೆಮ್ಮಿನ ಔಷಧ ಕೊಟ್ಟು ಮನೆಗೆ ಕಳಿಸಿದ್ದರು. ತಪ್ಪು ರೋಗಿಯದಲ್ಲ, ಬಾಗಿಲಿಗೆ ಬಂದ ರೋಗಿಯನ್ನು ಗುರುತಿಸದ ಆಸ್ಪತ್ರೆಯದು ಎಂಬ ಮಾತು ಅಂಕಿ ಅಂಶಗಳ ಸಮೇತ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೆಸರು ಹೇಳದ ಆ ತುಮಕೂರು ಜಿಲ್ಲೆಯ ರೈತ, ಕೂಲಿ ಜನರ ಮಾತು ದೇಶದ ನೀತಿಯನ್ನು ತಿದ್ದಿತು. 1962ರಿಂದ ಜಾರಿಗೆ ಬಂದ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದ ಅಡಿಪಾಯ ಇದೇ ತಿಳಿವು: ಸಾಮಾನ್ಯ ಆಸ್ಪತ್ರೆಯಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಅಲ್ಲೇ ಮಾತ್ರೆ, ರೋಗಿ ತನ್ನ ಮನೆಯಲ್ಲೇ.

ವಿದ್ಯಾರ್ಥಿಯ ಪಾಲಿಗೆ ಇದರ ಅರ್ಥ ದೊಡ್ಡದು. ವರ್ಷ, ಒಂದೂವರೆ ವರ್ಷ ತಪ್ಪದೆ ಮಾತ್ರೆ ನುಂಗಬೇಕಾಗಿತ್ತು ನಿಜ, ಮೊದಲ ಕೆಲವು ತಿಂಗಳು ಸೂಜಿಯೂ ಇರುತ್ತಿತ್ತು. ಆದರೆ ಔಷಧ ಶುರುವಾದ ಕೆಲವು ವಾರಗಳಲ್ಲೇ ರೋಗ ಹರಡುವ ಶಕ್ತಿ ಬಹಳ ಕುಗ್ಗುತ್ತದೆ, ಜ್ವರ ಇಳಿಯುತ್ತದೆ, ಹಸಿವು ಮರಳುತ್ತದೆ. ಒಂದು ವರ್ಷ ಹೋದರೂ ಓದು ಪೂರ್ತಿ ಹೋಗದು ಎಂಬ ಲೆಕ್ಕ ಮೊದಲ ಸಲ ಕೈಗೆ ಬಂತು. ಅದೇ ಹೊತ್ತಿಗೆ ಕಾಲೇಜುಗಳೂ ಹತ್ತಿರ ಬಂದವು. 1960ರ ದಶಕದ ಆರಂಭದಲ್ಲಿ ತಿಪಟೂರಿನಲ್ಲಿ ಕಲ್ಪತರು ವಿದ್ಯಾಸಂಸ್ಥೆಯ ಪದವಿ ಕಾಲೇಜು ಬಂತು. 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಆರಂಭವಾಯಿತು. ಸಂಪಿಗೆ, ಬಾಣಸಂದ್ರ, ಕರಡಿ ಕಡೆಯ ಹುಡುಗ ಬೆಳಿಗ್ಗೆ ರೈಲು ಹತ್ತಿ ಹೋಗಿ, ಸಂಜೆ ಮನೆಗೆ ಬಂದು ತಾಯಿ ಮಾಡಿದ ಮುದ್ದೆ ಊಟ ಮಾಡಿ, ಮಾತ್ರೆ ನುಂಗಿ ಮಲಗಬಹುದಾಯಿತು. ಎರಡು ಬದಲಾವಣೆಗಳನ್ನೂ ಒಬ್ಬರೇ ಯೋಜಿಸಿರಲಿಲ್ಲ. ಆದರೂ ಒಂದೇ ದಶಕದಲ್ಲಿ ಅವು ಕೂಡಿ ಬಂದದ್ದು ಈ ಸೀಮೆಯ ಭಾಗ್ಯ.

ಔಷಧ ಸಿಕ್ಕರೂ ಹೋಗದೆ ಉಳಿದದ್ದು ಮುಚ್ಚುಮರೆ. ಕ್ಷಯ ಬಂದವರಿಗೆ ಬೇರೆ ತಟ್ಟೆ, ಬೇರೆ ಲೋಟ, ಪಡಸಾಲೆಯ ಮೂಲೆ. ಹುಡುಗಿಯರ ಮಟ್ಟಿಗೆ ಇದು ಇನ್ನೂ ಕಠಿಣ. ಕಾಲೇಜಿಗೆ ಹೋಗುವ ಮಗಳಿಗೆ ಟಿ.ಬಿ. ಎಂದು ಊರಿಗೆ ತಿಳಿದರೆ ಮದುವೆ ನಿಂತೀತು ಎಂಬ ಭಯಕ್ಕೆ, ಎಷ್ಟೋ ಮನೆಗಳಲ್ಲಿ ಕಾಲೇಜನ್ನೇ ಬಿಡಿಸಿ, ಪಕ್ಕದ ತಾಲ್ಲೂಕಿಗೆ ಹೋಗಿ ಗುಟ್ಟಾಗಿ ಔಷಧ ತರುತ್ತಿದ್ದರು. ಜ್ವರ ಇಳಿದೊಡನೆ ಔಷಧ ನಿಲ್ಲಿಸಿ, ರೋಗ ಮರುಕಳಿಸಿ, ಮದ್ದಿಗೆ ಬಗ್ಗದ ಕ್ಷಯವಾಗಿ ತಿರುಗಿದ್ದಕ್ಕೆ ಈ ಗುಟ್ಟೂ ಒಂದು ಕಾರಣ. 1997ರಿಂದ ಜಾರಿಯಾದ ಪರಿಷ್ಕೃತ ಕಾರ್ಯಕ್ರಮ ಚಿಕಿತ್ಸೆಯನ್ನು ಆರೆಂಟು ತಿಂಗಳಿಗೆ ಇಳಿಸಿತು. ಆದರೆ ವಾರಕ್ಕೆ ಮೂರು ದಿನ ಮತ್ತೊಬ್ಬರ ಕಣ್ಣೆದುರಿಗೇ ಮಾತ್ರೆ ನುಂಗಬೇಕೆಂದು ನಿಯಮ ಮಾಡಿತು. ಮಾತ್ರೆ ಕೊಡುವ ಕೇಂದ್ರ ತೆರೆಯುವ ಹೊತ್ತೂ ಕಾಲೇಜಿನ ಮೊದಲ ಪೀರಿಯಡ್ಡೂ ಒಂದೇ ಆದಲ್ಲಿ ವಿದ್ಯಾರ್ಥಿ ಎರಡರಲ್ಲಿ ಒಂದನ್ನು ಬಿಡಬೇಕಾಗಿತ್ತು. 2017ರ ನಂತರ ದಿನವೂ ತೆಗೆದುಕೊಳ್ಳುವ ಮಾತ್ರೆ ಬಂದು ಈ ತೊಡಕು ತಗ್ಗಿತು. 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ರೋಗಿಯ ಖಾತೆಗೆ ಬರತೊಡಗಿತು. 2024ರ ಕೊನೆಯಲ್ಲಿ ಅದು 1000 ರೂಪಾಯಿ ಆಯಿತು.

ಕ್ಷಯ ಕೊನೆಗೊಳ್ಳುವ ಕಾಯಿಲೆ. ಜೀವಮಾನವಿಡೀ ಜೊತೆಗಿರುವ ಕಾಯಿಲೆಗಳ ಕಥೆ ಬೇರೆ. ಅದರಲ್ಲಿ ಕರ್ನಾಟಕದ ಮಟ್ಟಿಗೆ ಎದ್ದು ಕಾಣುವ ಹೆಸರು ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರದು. ಹಿಮೋಫಿಲಿಯಾ ಎಂಬ, ರಕ್ತ ಹೆಪ್ಪುಗಟ್ಟದ ಹುಟ್ಟುರೋಗ ಇದ್ದೂ ವೈದ್ಯಕೀಯ ಓದಿದವರು ಅವರು. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದರು. ಈ ರೋಗದಲ್ಲಿ ಸಣ್ಣ ಪೆಟ್ಟಿಗೂ, ಕೆಲವು ಸಲ ಪೆಟ್ಟಿಲ್ಲದೆಯೂ, ಮಂಡಿಯೊಳಗೆ ರಕ್ತ ಸೋರಿ ಕೀಲು ಊದಿಕೊಳ್ಳುತ್ತದೆ. ಕೊರತೆಯಾದ ರಕ್ತಾಂಶವನ್ನು ಚುಚ್ಚುಮದ್ದಾಗಿ ಬೇಗ ಕೊಟ್ಟರೆ ಒಂದೆರಡು ದಿನದಲ್ಲಿ ಎದ್ದು ಓಡಾಡಬಹುದು. ಕೊಡದಿದ್ದರೆ ವಾರಗಟ್ಟಲೆ ಹಾಸಿಗೆ, ಕೊನೆಗೆ ಕೀಲು ಗಟ್ಟಿಯಾಗಿ ಕುಂಟು. ಔಷಧ ಊರಿಗೆ ಎಷ್ಟು ಹತ್ತಿರವಿದೆ ಎಂಬುದರ ಮೇಲೆಯೇ ವಿದ್ಯಾರ್ಥಿಯ ಹಾಜರಾತಿ ನಿಂತಿರುತ್ತದೆ. ತಿಪಟೂರು ಸೀಮೆಯಿಂದ ದಾವಣಗೆರೆಗೆ ಸಂಪಿಗೆ ರೋಡಿನ ಮೇಲೆ ಹಾಯುವ ಅದೇ ರೈಲುದಾರಿ ಇದೆ. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಈ ಔಷಧ ಉಚಿತವಾಗಿ ಸಿಗುವಂತಾಗಿದೆ. ಕ್ಷಯ, ಕ್ಯಾನ್ಸರ್, ಮೂತ್ರಪಿಂಡ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೀಮಿಯಾ ಇರುವವರಿಗೆ ಚಿಕಿತ್ಸೆಗೆ ಹೋಗಿಬರಲು ರೈಲ್ವೆ ಟಿಕೆಟ್ಟಿನಲ್ಲಿ ರಿಯಾಯಿತಿಯಿದೆ. ವಿದ್ಯಾರ್ಥಿಗಳ ಪಾಸು ಇದರಿಂದ ಬೇರೆ.

ಬಾಲ್ಯದಲ್ಲೇ ಬರುವ, ಇನ್ಸುಲಿನ್ ಇಲ್ಲದೆ ಬದುಕಲಾಗದ ಸಕ್ಕರೆ ಕಾಯಿಲೆಯವರಿಗೆ ಕಷ್ಟ ಕೊಡುವುದು ಹಾಸ್ಟೆಲ್ಲಿನ ಊಟದ ಗಂಟೆ. ಸೂಜಿ ಹಾಕಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಫ್ರಿಜ್ ಇಲ್ಲದ ಕೋಣೆಯಲ್ಲಿ ಇನ್ಸುಲಿನ್ ಸೀಸೆಯನ್ನು ನೀರಿನ ಮಡಕೆಯ ತಂಪಿನಲ್ಲಿಟ್ಟು ಕಾಪಾಡುವ ಉಪಾಯ ಹಳ್ಳಿಗಾಡಿನಲ್ಲಿ ಇಂದಿಗೂ ಇದೆ, ವೈದ್ಯರೂ ಅದನ್ನು ಒಪ್ಪುತ್ತಾರೆ. ಪರೀಕ್ಷಾ ಕೋಣೆಗೆ ತಿಂಡಿ ಒಯ್ಯಲು ಇಂಥ ವಿದ್ಯಾರ್ಥಿಗಳಿಗೆ ಸಿ.ಬಿ.ಎಸ್.ಇ. ಅನುಮತಿ ಕೊಟ್ಟದ್ದು 2017ರಲ್ಲಿ. ಮೂತ್ರಪಿಂಡ ಸೋತವರಿಗೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಬರುವ ಮುನ್ನ ಅದಕ್ಕಾಗಿ ಬೆಂಗಳೂರಿನಂಥ ದೊಡ್ಡ ಊರಿಗೆ ಹೋಗಿ ಬರಬೇಕಿತ್ತು. ಅಂಥ ವಾರದಲ್ಲಿ ತರಗತಿಗೆ ಹೆಚ್ಚು ದಿನ ಉಳಿಯುತ್ತಿರಲಿಲ್ಲ.

ಕಾನೂನು ಈ ವಿದ್ಯಾರ್ಥಿಗಳನ್ನು ಗುರುತಿಸಿದ್ದು ತಡವಾಗಿ, ಅದೂ ಅರೆಬರೆಯಾಗಿ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ರಕ್ತದ ಕಾಯಿಲೆಗಳಿಗೆ ಜಾಗವಿರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ರೋಗಗಳನ್ನು, ಮಲ್ಟಿಪಲ್ ಸ್ಕ್ಲೆರೋಸಿಸ್‌ನಂಥ ದೀರ್ಘಕಾಲದ ನರರೋಗಗಳನ್ನು ಸೇರಿಸಿತು. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟುಗಳನ್ನು, ವಯೋಮಿತಿಯಲ್ಲಿ ಐದು ವರ್ಷದ ಸಡಿಲಿಕೆಯನ್ನು ಕೊಟ್ಟಿತು. ಆದರೆ ಈ ಸೌಲಭ್ಯ ಕನಿಷ್ಠ ನಲವತ್ತು ಶೇಕಡಾ ಅಂಗವೈಕಲ್ಯದ ಪ್ರಮಾಣಪತ್ರ ಇದ್ದವರಿಗೆ ಮಾತ್ರ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನಲವತ್ತು ಶೇಕಡಾ ಇಲ್ಲದವರಿಗೂ ಪರೀಕ್ಷೆಯಲ್ಲಿ ಲಿಪಿಕಾರರ ನೆರವನ್ನು ನಿರಾಕರಿಸುವಂತಿಲ್ಲ ಎಂದಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ನರದ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಹೂಡಿದ ದಾವೆ ಅದು.

ಹಾಜರಾತಿಯ ನಿಯಮ ಮಾತ್ರ ಹಳೆಯದೇ. ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶೇ. 75ರಷ್ಟು ಹಾಜರಾತಿ ಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 85 ಕೇಳಿ, ಕಾಯಿಲೆಯ ಕಾರಣಕ್ಕೆ ಅದರಲ್ಲಿ ಹತ್ತರಷ್ಟು ಮನ್ನಾ ಮಾಡುವ ಪದ್ಧತಿ ಬಂದಿದೆ. ಒಮ್ಮೆ ಟೈಫಾಯಿಡ್ ಬಂದು ಹೋದವರಿಗೆ ಈ ಮನ್ನಾ ಸಾಕು, ಪ್ರತಿ ಸೆಮಿಸ್ಟರಿನಲ್ಲೂ ಆಸ್ಪತ್ರೆ ಸೇರುವವರಿಗೆ ಸಾಲದು. ಅಂಥವರಿಗೆ ಕೊನೆಯ ದಾರಿ ಅಂಚೆ ಶಿಕ್ಷಣವಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಪಾಠದ ಪುಸ್ತಕ ಮನೆಗೇ ಬರುತ್ತಿತ್ತು, ಹಾಜರಾತಿಯ ಕಾಟವಿರಲಿಲ್ಲ. ಆದರೆ ಪ್ರಯೋಗಾಲಯ ಬೇಕಾದ ವಿಜ್ಞಾನದ ಓದು ಹೀಗೆ ಕಷ್ಟ, ತರಗತಿಯ ಗೆಳೆತನವಂತೂ ಇಲ್ಲ. ಮೂತ್ರಪಿಂಡ, ಹೃದಯ, ಸಕ್ಕರೆ ಕಾಯಿಲೆಗಳು ಇಂದಿಗೂ 21ರ ಪಟ್ಟಿಯಲ್ಲಿಲ್ಲ. ಡಯಾಲಿಸಿಸ್ ಮುಗಿಸಿ ತರಗತಿಗೆ ಬರುವ ವಿದ್ಯಾರ್ಥಿಗೆ ಹಾಜರಾತಿಯಲ್ಲಿ ಎಷ್ಟು ರಿಯಾಯಿತಿ ಎಂಬುದನ್ನು ಇಂದೂ ಪ್ರಾಂಶುಪಾಲರ ಮುಂದೆ ವೈದ್ಯರ ಸರ್ಟಿಫಿಕೇಟು ಇಟ್ಟೇ ಕೇಳಬೇಕು.